ನನ್ನನ್ನು ಕೇಳದೆ ಬರೆದುಕೊಟ್ಟ ಖಾನಾವಳಿ

ವೈನಿ,

ಅಣ್ಣನ ಹೆಂಡತಿಗೆ, ಅದೂ ತೀರಿಹೋದವರಿಗೆ, ಹೀಗೆ ಸಿಟ್ಟಿನಲ್ಲಿ ಬರೆಯಬಾರದು, ಗೊತ್ತು. ಆದರೆ ನೀವಿದ್ದಾಗ ಒಮ್ಮೆಯೂ ನಿಮ್ಮೆದುರು ದನಿ ಎತ್ತಲಿಲ್ಲವಲ್ಲ...

ಬನಹಟ್ಟಿಯಲ್ಲಿ ನಾವಿಬ್ಬರೂ ಖಾನಾವಳಿ ತೆರೆದ ದಿನ ನೆನಪಿದೆಯೇ? ಮಧ್ಯಾಹ್ನದವರೆಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಕೊನೆಗೆ ಮಗ್ಗ ನಿಲ್ಲಿಸಿ ಬಂದ ನೇಕಾರ ರಾಚಪ್ಪ ಝುಣಕ, ರೊಟ್ಟಿ ಉಂಡು, "ನಾಳಿಗೂ ಇದ ರುಚಿ ಇರ್ತದೇನವ್ವಾ?" ಎಂದರು. ಅಂದಿನಿಂದ ಅವರು ಊಟ ತಪ್ಪಿಸಿದ್ದೇ ಇಲ್ಲ. ನೀವು ಪಲ್ಯ, ನಾನು ರೊಟ್ಟಿ. ಇಪ್ಪತ್ತೆರಡು ವರ್ಷ!

ಆಸ್ಪತ್ರೆಗೆ ಹೋಗುವ ಮುಂಚೆ ಎಲ್ಲವನ್ನೂ ನಿಮ್ಮ ಮಗ ಮಹಾಂತೇಶನ ಹೆಸರಿಗೆ ಬರೆದಿರಿ. ನನ್ನನ್ನು ಒಂದು ಮಾತು ಕೇಳಿದಿರಾ? ಅಷ್ಟು ವರ್ಷ ನಾನು ಅಲ್ಲಿ ಕೂಲಿಯವಳಾಗಿದ್ದೆನೇ?

ನಿಮ್ಮ ವರ್ಷಾಂತಿಕ ಮುಗಿದ ಮೇಲೆ ಯಾರೋ ಒಬ್ಬಳು ಫೋನಿನಲ್ಲಿ ವಿಡಿಯೋ ಮಾಡಿ, "ಊರಿನವರೇ ಉಣ್ಣುವ ಜಾಗ" ಎಂದು ಹಾಕಿದಳು. ಬೆಳಗಾವಿ, ಪುಣೆಯಿಂದ ಕಾರುಗಳು ಬಂದವು. ನಿಮ್ಮ ಮಗ ಹಳೆಯ ಕಟ್ಟಿಗೆಯ ಬೆಂಚು ಕಿತ್ತೆಸೆದು ಮೆತ್ತನೆಯ ಕುರ್ಚಿ ಹಾಕಿಸಿದ. ನನ್ನ ಒಲೆಯನ್ನು ಗಿರಾಕಿಗಳೆದುರು ತಂದಿಟ್ಟ. ಇಳಕಲ್ ಸೀರೆ ಉಟ್ಟು ರೊಟ್ಟಿ ಬಡಿಯಬೇಕಂತೆ, ಫೋಟೋ ಚೆಂದ ಬರುತ್ತದಂತೆ! ಅದನ್ನೂ ನುಂಗಿಕೊಂಡೆ.

ಹೋದ ತಿಂಗಳು ರಾಚಪ್ಪ ಬಂದು ಒಂದು ಕುರ್ಚಿಯಲ್ಲಿ ಕುಳಿತರು. ಅಂಗಿಯ ಮೇಲೆ ನೂಲಿನ ಧೂಳು ಹಾಗೇ ಇತ್ತು.

"ಅಜ್ಜಾರ, ಇದು ಬುಕ್ ಆಗೇತ್ರಿ. ಹೊರಗ ನಿಂದರ್ರಿ," ಎಂದ ಮಹಾಂತೇಶ.

ಆ ಮನುಷ್ಯ, ವೈನಿ, ಎದ್ದು, ಕುಳಿತ ಕುರ್ಚಿಯನ್ನು ಹೆಗಲ ವಸ್ತ್ರದಿಂದ ಒರೆಸಿದರು. ಒರೆಸಿದರು! ನಾನು ಒಲೆಯ ಮುಂದಿನಿಂದಲೇ ಕೂಗಿದೆ.

"ಯಾರನ್ನ ಎಬ್ಬಿಸಿದಿ ಗೊತ್ತೈತೇನಲೇ?"

"ಅತ್ತಿ, ನೀ ರೊಟ್ಟಿ ಬಡಿ. ಧಂದೆ ನಂಗ ಬಿಡು."

ಕೈಯಲ್ಲಿದ್ದ ಹಿಟ್ಟನ್ನು ನಾದುವ ಪರಾತಕ್ಕೆ ಒಗೆದು ಹೊರಬಂದೆ. "ಬರ್ರಿ ರಾಚಪ್ಪಾರ, ಮನಿಗೆ ಹೋಗೂಣು," ಎಂದು ಕರೆದೊಯ್ದು ಉಣಬಡಿಸಿದೆ. ಅರ್ಧ ರೊಟ್ಟಿಗೇ ಅವರು ಕೈ ತೊಳೆದರು. ಮರುದಿನ ಅಡುಗೆಮನೆಯ ಇಬ್ಬರು ಹೆಂಗಸರೂ ಕೆಲಸ ಬಿಟ್ಟು ನನ್ನ ಹತ್ತಿರ ಬಂದರು. ಹಿಂದೆಯೇ ಮಹಾಂತೇಶ.

"ತಪ್ಪಾತು, ಬಾ ಅತ್ತಿ. ಮಂದಿ ಕಾಯಾಕತ್ತಾರ."

"ತಪ್ಪಾತು ಅಂತ ನನ್ನ ಮುಂದ ಯಾಕ ಹೇಳ್ತಿ? ರಾಚಪ್ಪಾರ ಮುಂದ ಹೋಗಿ ಹೇಳು," ಎಂದೆ. ಹೋಗಲಿಲ್ಲ ಅವನು. ನಾನೂ ಹೋಗಲಿಲ್ಲ.

ನಿಮಗೆ ತಿಳಿಯದ ಸುದ್ದಿ ಇದು: ಇವತ್ತು ನನ್ನ ಪಡಸಾಲೆಯಲ್ಲಿ ಹೊಸ ಖಾನಾವಳಿ ಶುರುವಾಯಿತು. ಬೋರ್ಡಿಗೆ ನಿಮ್ಮ ಹೆಸರಿಡಲು ಎಲ್ಲರೂ ಹೇಳಿದರು. ನಾನು ಒಪ್ಪಲಿಲ್ಲ. ಅಕ್ಷರ ದಪ್ಪಗಿರಲಿ ಎಂದು ಪೇಂಟರನ ಪಕ್ಕದಲ್ಲೇ ನಿಂತು ನನ್ನ ಹೆಸರನ್ನೇ ಬರೆಸಿದೆ: ಶಾಂತವ್ವನ ಖಾನಾವಳಿ.