ರಾಯ್ಸ್ ಟೆಡ್‌ಲಾಕ್ ಹೆಸರಿನ ಮುಂದಿನ ಚೌಕ

ನವೆಂಬರ್ 29, ಸೋಮವಾರ

ಮಂಡಿನೋವು. ಎರಡು ಸಲ ಕಾಫಿ. ಅಂಚೆಯಲ್ಲಿ ಹಾಲ್ ಆಫ್ ಫೇಮ್ ಮತಪತ್ರ ಬಂತು, ಬೇಸ್‌ಬಾಲ್ ದಿಗ್ಗಜರ ಗೌರವಕ್ಕೆ ಯಾರು ಸೇರಬೇಕೆಂದು ವರದಿಗಾರರು ಗುರುತು ಹಾಕುವ ಚೀಟಿ. ಮೂವತ್ತೈದು ವರ್ಷ ಬೇಸ್‌ಬಾಲ್ ವರದಿ ಮಾಡಿದ್ದಕ್ಕೆ ನನ್ನ ಬಳಿ ಉಳಿದಿರುವುದು ಈ ಒಂದು ಓಟು. ರಾಯ್ಸ್ ಟೆಡ್‌ಲಾಕ್ ಹೆಸರು ಕೆಳಗಿನಿಂದ ಮೂರನೆಯದು. ಇದು ಮತಪತ್ರದಲ್ಲಿ ಅವನ ಹತ್ತನೇ, ಕೊನೆಯ ವರ್ಷ. ಈ ಸಲ ಆಗದಿದ್ದರೆ ಪಟ್ಟಿಯಿಂದಲೇ ಹೊರಗೆ.

ಚೆಂಡನ್ನು ಮೈದಾನದಾಚೆ ಅಟ್ಟಿ ಐನೂರಕ್ಕೂ ಮೇಲೆ ಹೋಮ್‌ರನ್ ಹೊಡೆದವನು. ಸ್ನಾಯು ಬೆಳೆಸುವ ಇಂಜೆಕ್ಷನ್ ಚುಚ್ಚಿಕೊಂಡು ಕೊನೆಗೆ ಸಿಕ್ಕಿಬಿದ್ದವನು. ಒಂಬತ್ತು ವರ್ಷವೂ ಅವನ ಹೆಸರಿನ ಮುಂದಿನ ಚೌಕ ಖಾಲಿ ಬಿಟ್ಟಿದ್ದೇನೆ. ಡಾಟಿ ನೇರ ಹೆಂಗಸು ಅನ್ನುತ್ತಾರೆ ಜನ ನನ್ನನ್ನು. ಅನ್ನಲಿ.

ಡಿಸೆಂಬರ್ 3, ಶುಕ್ರವಾರ

ವೆಂಡೆಲ್ ಜೊತೆ ಹೋಟೆಲಿನ ಮಾಮೂಲಿ ಮೇಜಿನಲ್ಲಿ ಚೆರ್ರಿ ಪೈ, ಶುಕ್ರವಾರದ ಪದ್ಧತಿ. ಈಗ ಜಿಲ್ಲಾಡಳಿತದ ಹಿಮ ತಳ್ಳುವ ಲಾರಿ ಓಡಿಸುತ್ತಾನೆ. ಆಗ ರಾಯ್ಸ್‌ನ ತಂಡದಲ್ಲೇ ಇದ್ದ, ಅದೇ ಜಾಗಕ್ಕೆ ಆಡುತ್ತಿದ್ದ. ಮೂವತ್ತಾರನೇ ವಯಸ್ಸಿನಲ್ಲಿ ರಾಯ್ಸ್ ಇದ್ದಕ್ಕಿದ್ದಂತೆ ಇಪ್ಪತ್ತರ ಹುಡುಗನ ಹಾಗೆ ಹೊಡೆಯತೊಡಗಿದ. ವೆಂಡೆಲ್‌ನನ್ನು ಕೆಳಗಿನ ಲೀಗಿಗೆ ಕಳಿಸಿದರು. ಅವನು ಮತ್ತೆ ಮೇಲೆ ಬರಲೇ ಇಲ್ಲ.

"ಈ ಸಲಾನೂ ಖಾಲಿ ತಾನೆ, ಮೇಡಂ?" ಅಂದ. "ಆ ಪೇಪರಿನವ್ರ ಗುಂಪಲ್ಲಿ ಬೆನ್ನುಮೂಳೆ ಇರೋದು ನಿಮಗೊಬ್ರಿಗೇ ಕಣ್ರೀ."

ಪೈ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಸಿಹಿ ಜಾಸ್ತಿ ಅಂದೆ.

ಡಿಸೆಂಬರ್ 12, ಭಾನುವಾರ

ರಾಯ್ಸ್ ಫೋನ್ ಮಾಡಿದ. ಇಷ್ಟು ವರ್ಷಕ್ಕೆ ಮೊದಲ ಸಲ. ದನಿ ಮುದಿಯಾಗಿದೆ. ಓಟು ಕೇಳುತ್ತಾನೆ ಅಂದುಕೊಂಡೆ... ಕೇಳಲಿಲ್ಲ.

"ಆವತ್ತು ಬಾಗಿಲಲ್ಲಿ ನೀವು ನಿಂತಿದ್ರಿ. ಮಾರನೇ ದಿನ ಹೆದರ್ಕೊಂಡೇ ಪೇಪರ್ ಬಿಡಿಸ್ದೆ. ಏನೂ ಇರ್ಲಿಲ್ಲ. ಬರೆದಿದ್ರೆ ಅವತ್ತೇ ಬಿಟ್ಬಿಡ್ತಿದ್ದೆನೇನೋ. ಬರೀಲಿಲ್ಲ, ಸರಿ, ಇದೇನು ದೊಡ್ಡ ತಪ್ಪಲ್ಲ ಅಂದ್ಕೊಂಡೆ."

ಸುಳ್ಳಿರಬಹುದು. ಸುಳ್ಳಿನಲ್ಲಿ ಪಳಗಿದವನು. ಆದರೂ ಬಾಗಿಲಲ್ಲಿ ನಿಂತಿದ್ದದ್ದು ನಿಜ.

ಡಿಸೆಂಬರ್ 20, ಮಧ್ಯಾಹ್ನ

ಎಂಟು ದಿನ ಬರೆಯಲಾಗಲಿಲ್ಲ. ಈ ಡೈರಿಯಲ್ಲಾದರೂ ಬರೆಯಬೇಕು.

ಜೂನ್ ತಿಂಗಳು, ಇಪ್ಪತ್ತೆರಡು ವರ್ಷದ ಹಿಂದೆ. ಆಟಕ್ಕೆ ಮೂರು ಗಂಟೆ ಮುಂಚೆ. ಮಾಲೀಸು ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ರಾಯ್ಸ್ ತೊಡೆಗೆ ಸಿರಿಂಜ್ ಚುಚ್ಚಿಕೊಳ್ಳುತ್ತಿದ್ದ. ನನ್ನನ್ನು ನೋಡಿದ. ಬಾಗಿಲು ಎಳೆದುಕೊಂಡು ಬಂದೆ.

ಆಟಗಾರರ ಕೋಣೆಯಲ್ಲಿ ಕಂಡದ್ದು ಅಲ್ಲೇ ಇರಬೇಕು — ನಮ್ಮ ಕಸುಬಿನ ಮರ್ಯಾದೆ ಅದು. ಮೀರಿದವರ ಜೊತೆ ಯಾರೂ ಮಾತಾಡುವುದಿಲ್ಲ. ಹೆಂಗಸು ಅಂತ ಆ ಕೋಣೆಯೊಳಗೆ ಬಿಟ್ಟುಕೊಳ್ಳಲು ನನ್ನನ್ನು ಆರು ವರ್ಷ ಸತಾಯಿಸಿದ್ದರು. ಸಿಕ್ಕ ಆ ಪ್ರವೇಶ ಕಳೆದುಕೊಳ್ಳಲು ಮನಸ್ಸಾಗಲಿಲ್ಲ. ಮೂರು ದಿನ ಬಿಟ್ಟು ರಾಯ್ಸ್ ತಾನಾಗಿ ಕರೆದು ಎರಡು ಗಂಟೆ ಸಂದರ್ಶನ ಕೊಟ್ಟ. ಯಾರಿಗೂ ಕೊಡದವನು! ಅದಕ್ಕೇ ನನಗೆ ಪ್ರಶಸ್ತಿ ಬಂತು.

ಒಂಬತ್ತು ವರ್ಷ ಆ ಚೌಕ ಖಾಲಿ ಬಿಟ್ಟದ್ದು ನೇರತನ ಅಲ್ಲ. ಆ ದಿನ ನಾನು ಮುಚ್ಚಿಟ್ಟದ್ದು ಹೊರಬಂದೀತೆಂಬ ಭಯ. ನಾಚಿಕೆಯಾಗುತ್ತದೆ.

ಡಿಸೆಂಬರ್ 24

ರಾತ್ರಿಯೆಲ್ಲ ಹಿಮ. ಏಳುವಷ್ಟರಲ್ಲಿ ಮನೆಯ ಮುಂದೆ ದಾರಿ ಚೊಕ್ಕ. ವೆಂಡೆಲ್ ಬಂದು ತಳ್ಳಿ, ಬಾಗಿಲೂ ತಟ್ಟದೆ ಹೋಗಿದ್ದಾನೆ. ನಾನು ಅತ್ತುಬಿಟ್ಟೆ.

ಡಿಸೆಂಬರ್ 29, ಬುಧವಾರ

ಶುಕ್ರವಾರದವರೆಗೆ ಕಾಯಲಾಗಲಿಲ್ಲ. ವೆಂಡೆಲ್‌ನನ್ನು ಕರೆದೆ. ಅದೇ ಮೇಜು. ಎಲ್ಲವನ್ನೂ ಹೇಳಿದೆ — ಬಾಗಿಲು, ಸಿರಿಂಜ್, ಸಂದರ್ಶನ.

ಬೈಯಲಿ ಎಂದು ಕಾದೆ.

"ಜೂನಲ್ಲಿ ಎಷ್ಟನೇ ತಾರೀಕು?" ಅಂದ.

ಹದಿನಾಲ್ಕು ಅಂದೆ.

"ನನ್ನನ್ನ ಕೆಳಗೆ ಕಳ್ಸಿದ್ದು ಜುಲೈ ಒಂಬತ್ತಕ್ಕೆ."

ಇಷ್ಟೇ. ಟೋಪಿ ಹಾಕಿಕೊಂಡ. ಬಾಗಿಲ ಹತ್ತಿರ ನಿಂತ, ತಿರುಗುತ್ತಾನೆ ಅಂದುಕೊಂಡೆ. ತಿರುಗಲಿಲ್ಲ.

ಇಪ್ಪತ್ತೈದು ದಿನ ಇತ್ತು ನನ್ನ ಕೈಯಲ್ಲಿ.

ಡಿಸೆಂಬರ್ 31, ಶುಕ್ರವಾರ, ಬೆಳಿಗ್ಗೆ 11.10

ಇವತ್ತಿನ ಅಂಚೆ ಮುದ್ರೆ ಬೀಳಲೇಬೇಕು. ಅಂಚೆ ಕಚೇರಿ ಹನ್ನೆರಡಕ್ಕೆ ಮುಚ್ಚುತ್ತದೆ. ಮತಪತ್ರ ಮುಂದಿದೆ. ಗುರುತು ಹಾಕಿದರೆ ವೆಂಡೆಲ್‌ಗೆ ಇನ್ನೊಂದು ಪೆಟ್ಟು. ಖಾಲಿ ಬಿಟ್ಟರೆ ಮತ್ತೆ ನೇರ ಹೆಂಗಸಿನ ವೇಷ. ಕಳಿಸದೇ ಇದ್ದರೆ ನನ್ನ ಓಟು ಲೆಕ್ಕಕ್ಕೇ ಬರುವುದಿಲ್ಲ, ಯಾರ ಪರವೂ ಅಲ್ಲ, ವಿರುದ್ಧವೂ ಅಲ್ಲ. ರಾಯ್ಸ್ ತಪ್ಪು ಮಾಡಿದ. ಅದನ್ನು ತೂಗುವ ಯೋಗ್ಯತೆ ನನಗಿಲ್ಲ.

12.05

ಕಳಿಸಲಿಲ್ಲ. ಕೋಟೂ ಹಾಕಿಕೊಂಡಿದ್ದೆ. ಕುಳಿತೇ ಇದ್ದೆ.

1.30

ಮಾಮೂಲಿನ ಮೇಜಿನಲ್ಲಿ ಮುಕ್ಕಾಲು ಗಂಟೆ ಕಾದು ಬಂದೆ. ವೆಂಡೆಲ್ ಬರಲಿಲ್ಲ. ಕೆಲಸಕ್ಕೆ ಹೋಗಿರಬಹುದು. ಆದರೆ ಆಕಾಶ ತಿಳಿಯಾಗಿದೆ, ಎಲ್ಲೂ ಹಿಮ ಬೀಳುತ್ತಿಲ್ಲ.

ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡುತ್ತಿದ್ದೇನೆ. ನಾಲ್ಕು ರಿಂಗ್. ಐದು. ಎತ್ತಿದರೆ ಏನು ಹೇಳುವುದು? "ವೆಂಡೆಲ್, ನಾನು—"