‘ತಡಿ’ ಎಂದವಳು ಅವಳು, ಕೇಳದವನು ನಾನು

ಮಾನ್ಯ ಸಿಬ್ಬಂದಿ ಮತ್ತು ತರಬೇತಿ ಅಧಿಕಾರಿಗಳೇ,

ನನ್ನ ತಂಗಿಯ ಮಗಳು ರೊವೀನಾಳ ಕಡತದಲ್ಲಿ ಒಂದು ಎಚ್ಚರಿಕೆ ಪತ್ರವಿದೆ. ಅದು ನನ್ನ ಕಡತದಲ್ಲಿ ಇರಬೇಕಾದದ್ದು. ಅಲ್ಲಿಂದ ತೆಗೆದು ಇಲ್ಲಿ ಹಾಕಿ ಎಂದು ಜೂನ್ ತಿಂಗಳಿಂದ ನಿಮ್ಮನ್ನು ಕೇಳುತ್ತಿದ್ದೇನೆ. ಎರಡೂ ಕಡತಗಳು ನಿಮ್ಮ ಕೋಣೆಯ ಒಂದೇ ಬೀರುವಿನಲ್ಲಿವೆ, ಕಣ್ಣಾರೆ ನೋಡಿದ್ದೇನೆ. ನಡುವೆ ಇರುವುದು ಹೆಚ್ಚೆಂದರೆ ಒಂದು ಮೊಳ. ಆ ಒಂದು ಮೊಳ ದಾಟಲು ನಿಮ್ಮ ಕಚೇರಿಗೆ ನಾಲ್ಕು ತಿಂಗಳು ಸಾಲಲಿಲ್ಲ. ಈ ತಿಂಗಳ ಕೊನೆಗೆ ನಾನು ನಿವೃತ್ತನಾಗುತ್ತೇನೆ. ನವೆಂಬರ್ ಮೂರರಂದು ನನ್ನ ಲಾರಿಗೆ ಹೊಸ ಡ್ರೈವರ್‌ನನ್ನು ಆರಿಸುತ್ತೀರಿ. ಕಡತದಲ್ಲಿ ಎಚ್ಚರಿಕೆ ಪತ್ರವಿರುವವರು ಮೂರು ವರ್ಷ ಆ ಹುದ್ದೆಗೆ ಅರ್ಜಿ ಹಾಕುವಂತಿಲ್ಲ ಎಂಬುದು ನಿಮ್ಮದೇ ನಿಯಮ. ಅಂದರೆ ಆ ಲಾರಿ ಓಡುವ ರಸ್ತೆಯ ಪ್ರತಿ ತಿರುವನ್ನೂ ಬಲ್ಲ ಒಬ್ಬಳೇ ಒಬ್ಬಳು ನವೆಂಬರ್ ಮೂರರಂದು ಮನೆಯಲ್ಲಿ ಕುಳಿತಿರುತ್ತಾಳೆ. ಇದನ್ನು ನಿಮ್ಮ ಮೇಜಿನ ಮುಂದೆ ಮೂರು ಸಲ ಹೇಳಿದೆ. ನೀವು ಮೂರು ಸಲವೂ ತಲೆಯಾಡಿಸಿದಿರಿ. ಆದ್ದರಿಂದ ಈಗ ಪತ್ರಿಕೆಯಲ್ಲಿ ಹೇಳುತ್ತಿದ್ದೇನೆ.

ನಡೆದದ್ದನ್ನು ಓದುಗರಿಗೂ ಹೇಳಬೇಕು. ಮೂರನೇ ನಂಬರಿನ ಹಿಮ ಬಾಚುವ ಲಾರಿಯನ್ನು ನಾನು ಮೂವತ್ತನಾಲ್ಕು ಚಳಿಗಾಲ ಓಡಿಸಿದ್ದೇನೆ. ಮುಂದೆ ದೊಡ್ಡ ಅಲಗು, ಬಲಗಡೆ ಚಾಚಿದ ರೆಕ್ಕೆ. ಓಡಿಸುವವನು ಒಬ್ಬ, ಪಕ್ಕದಲ್ಲಿ ಕುಳಿತು ಎರಡು ಸನ್ನೆಕೋಲು ಹಿಡಿದು ರೆಕ್ಕೆ ನೋಡಿಕೊಳ್ಳುವವರು ಇನ್ನೊಬ್ಬರು. ನಾಲ್ಕು ವರ್ಷದಿಂದ ಆ ಸೀಟಿನಲ್ಲಿ ರೊವೀನಾ. ರೆಕ್ಕೆ ಮೇಲೇಳಲು ಮೂರು ಸೆಕೆಂಡು ಬೇಕು, ಅಷ್ಟು ಹೊತ್ತು ಡ್ರೈವರ್ ವೇಗ ಇಳಿಸಬೇಕು. ಅದಕ್ಕೆ ನಮ್ಮಲ್ಲಿ ಇರುವುದು ಒಂದೇ ಮಾತು: ತಡಿ. ಅವಳು ಅನ್ನಬೇಕು, ನಾನು ಕೇಳಬೇಕು. ಉಳಿದ ಹನ್ನೆರಡು ಗಂಟೆ ಏನು ಮಾಡಬೇಕೆಂದು ಇಲಾಖೆ ಹೇಳಿಲ್ಲವಾದ್ದರಿಂದ ಆ ಹೊತ್ತನ್ನು ನಾನು ಕಥೆ ಹೇಳುವುದಕ್ಕೆ ಬಳಸುತ್ತಿದ್ದೆ.

ಮಾತಿನ ವಿಷಯದಲ್ಲಿ ನಾನು ಸಣ್ಣ ಮನುಷ್ಯನಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು. ನಾನು ಓದಿದ್ದು ಟಟಲ್ ಬ್ರೂಕ್ ಹಳ್ಳಿಯ ಶಾಲೆಯಲ್ಲಿ, ಎಂಟನೇ ತರಗತಿಯವರೆಗೆ. ಒಂದೇ ಕೋಣೆ, ಒಂದೇ ಒಲೆ, ಎಂಟೂ ತರಗತಿಗೆ ಒಬ್ಬರೇ ಟೀಚರ್. ಆ ಟೀಚರ್ ನನಗೆ ಭಾಷಣದ ಬಹುಮಾನವನ್ನು ಎರಡು ವರ್ಷ ಸತತವಾಗಿ ಕೊಟ್ಟರು. ಮೂರನೇ ವರ್ಷ ಬೇರೆಯವರಿಗೂ ಅವಕಾಶವಿರಲಿ ಎಂದು ಸ್ಪರ್ಧೆಯನ್ನೇ ನಿಲ್ಲಿಸಿದರು. ನಮ್ಮೂರವರೆಲ್ಲ ಒಟ್ಟಿಗೆ ಕೂರುವ ಹುರುಳಿ ಊಟದ ಶನಿವಾರಗಳಲ್ಲಿ ನಾನು ಎದ್ದು ನಾಲ್ಕು ಮಾತಾಡುವವರೆಗೆ ಯಾರೂ ಎರಡನೇ ಸಲ ಬಡಿಸಿಕೊಳ್ಳುವುದಿಲ್ಲ. ಅಕ್ಟೋಬರ್ ತಿಂಗಳ ಒಂದು ಬೆಳಿಗ್ಗೆ ರಸ್ತೆಗೆ ಅಡ್ಡ ನಿಂತಿದ್ದ ಗಂಡು ಮೂಸ್ ಒಂದನ್ನು, ಕುದುರೆಗಿಂತ ಎತ್ತರದ ಕಾಡು ಕಡವೆ, ಕೊಂಬಿಗೆ ಹದಿನೆಂಟು ಕವಲು, ಬರೀ ಮಾತಾಡಿ ದಾರಿ ಬಿಡಿಸಿದವನು ನಾನು. ಈ ಸಂಗತಿ ಇಡೀ ಜಿಲ್ಲೆಗೆ ಗೊತ್ತು. ಗೊತ್ತಿಲ್ಲದವರಿಗೆ ನಾನೇ ಹೇಳಿದ್ದೇನೆ.

ಫೆಬ್ರವರಿ ಹನ್ನೊಂದರಂದು ಬೆಳಿಗ್ಗೆ ಆರೂ ಕಾಲಿಗೆ ನಾನು ಹೇಳುತ್ತಿದ್ದದ್ದು ಇದೇ ಕಥೆಯನ್ನು. ಕೊಂಬಿನ ಕವಲು ಅಷ್ಟರಲ್ಲಿ ಇಪ್ಪತ್ತೆರಡಾಗಿತ್ತು. ಸಾಮಿಲ್ ತಿರುವಿನಲ್ಲಿ ಶಾಲೆಯ ಮಕ್ಕಳು ಬಸ್ಸಿಗೆ ಕಾಯುವ ಮರದ ಗೂಡೊಂದಿತ್ತು. ‘ಇತ್ತು’ ಎಂದು ಬರೆಯಬೇಕಾಗಿ ಬಂದಿದೆ. ಮಕ್ಕಳು ಬರುವುದು ಏಳಕ್ಕೆ. ನಮ್ಮ ರೆಕ್ಕೆ ಗೂಡಿನ ಒಂದು ಗೋಡೆಯನ್ನು ಪೂರ್ತಿ ಎತ್ತಿಕೊಂಡು ಹೋಗಿ ಹಿಮದ ದಿಬ್ಬದಲ್ಲಿ ನೆಟ್ಟಿತು. ಇಳಿದು ನೋಡಿದೆ. ಯಾವುದೋ ಮಗು ಮರೆತು ಹೋದ ಒಂಟಿ ಉಣ್ಣೆ ಕೈಗವಸು ಆ ಗೋಡೆಯ ಮೊಳೆಯಲ್ಲಿ ಇನ್ನೂ ನೇತಾಡುತ್ತಿತ್ತು. ರೊವೀನಾ ಅದನ್ನು ಬಿಡಿಸಿ ಜೇಬಿಗೆ ಹಾಕಿಕೊಂಡಳು. ನಾನು ಮಾತಾಡದೆ ಇದ್ದದ್ದು ಅದೇ ಮೊದಲು.

ಗ್ಯಾರೇಜಿಗೆ ಬಂದು ನಿಮ್ಮ ಅಪಘಾತ ವರದಿಯ ಹಾಳೆ ತುಂಬಿದೆ. ಅದರಲ್ಲಿ ಡ್ರೈವರ್ ಹೇಳಿಕೆಗೆ ಅರ್ಧ ಪುಟ ಜಾಗವಿದೆ. ರೆಕ್ಕೆ ನೋಡಿಕೊಳ್ಳುವವರ ಹೇಳಿಕೆಗೆ ಜಾಗವೇ ಇಲ್ಲ, ಹೆಸರು ಬರೆಯಲು ಒಂದು ಗೆರೆ ಮಾತ್ರ. ಆ ಅರ್ಧ ಪುಟದಲ್ಲಿ ನಾನು ಬರೆದದ್ದು: ‘ರೆಕ್ಕೆಯನ್ನು ತಡವಾಗಿ ಎತ್ತಲಾಯಿತು.’ ವ್ಯಾಕರಣಶುದ್ಧ ವಾಕ್ಯ. ನನ್ನ ಟೀಚರ್ ನೋಡಿದ್ದರೆ ಒಪ್ಪುತ್ತಿದ್ದರು. ಯಾರ ಹೆಸರೂ ಇಲ್ಲ, ಪೆಟ್ಟು ಮಾತ್ರ ಸರಿಯಾದ ಜಾಗಕ್ಕೆ ಬೀಳುತ್ತದೆ. ಒಂದು ವಾರದಲ್ಲಿ ರೊವೀನಾಗೆ ಎಚ್ಚರಿಕೆ ಪತ್ರ ಬಂತು. ಅವಳು ಅದನ್ನು ಓದಿ, ಮಡಿಸಿ, ಊಟದ ಡಬ್ಬಿಯೊಳಗಿಟ್ಟು, “ನಾಳೆ ಎಷ್ಟಕ್ಕೆ ಹೊರಡೋದು ಮಾವ?” ಎಂದಷ್ಟೇ ಕೇಳಿದಳು. ನಾನು ಐದು ಎಂದೆ.

ಆಮೇಲೆ ನಿಮ್ಮ ಕಚೇರಿ ತನ್ನ ಜೀವಮಾನದಲ್ಲಿ ಒಂದು ಒಳ್ಳೆಯ ಕೆಲಸ ಮಾಡಿತು. ಸಿಬ್ಬಂದಿಯ ನಡುವೆ ಮಾತುಕತೆ ಸರಿಯಿಲ್ಲವೆಂದು ಆರು ಬುಧವಾರಗಳ ತರಬೇತಿ ಇಟ್ಟಿತು. ನೋಟಿಸು ಬಂದ ದಿನ ನನ್ನನ್ನು ನೋಡಿ ಗ್ಯಾರೇಜಿಗೆ ಗ್ಯಾರೇಜೇ ನಕ್ಕಿತು. “ಎಲ್ಬ್ರಿಜ್‌ಗೆ ಮಾತು ಕಲಿಸ್ತಾರಂತೆ,” ಎಂದ ರಸ್ತೆ ಸಮ ಮಾಡುವ ನಮ್ಮ ಗ್ರೇಡರ್ ಯಂತ್ರ ಓಡಿಸುವ ಡ್ವೈಟ್. “ನಿಲ್ಸೋದನ್ನ ಯಾರು ಕಲಿಸ್ತಾರೆ, ಅದನ್ನ ಕೇಳ್ರಪ್ಪ.” ನಾನೂ ನಕ್ಕೆ.

ಅಗ್ನಿಶಾಮಕ ಠಾಣೆಯ ಮಹಡಿಯಲ್ಲಿ ಹನ್ನೆರಡು ಕುರ್ಚಿ, ದುಂಡಗೆ. ಮೇಜಿಲ್ಲ, ಹಲಗೆಯಿಲ್ಲ, ಪುಸ್ತಕವಿಲ್ಲ. ನಡೆಸಲು ಬಂದವರು ಪ್ರೆಬಲ್ ಮೇಡಂ, ಐವತ್ತು ಕಿಲೋ ತೂಗುವ ಹೆಂಗಸು. ಅವರು ಬಂದು ಕುಳಿತು ಸುಮ್ಮನಾದರು. ಪಾಠ ಯಾವಾಗ ಶುರು ಎಂದು ನಾನೇ ಕೇಳಿದೆ. “ಶುರುವಾಗಿ ಹತ್ತು ನಿಮಿಷ ಆಯ್ತು. ಇಲ್ಲಿಯವರೆಗೆ ಮಾತಾಡಿದ್ದು ಯಾರು ಯಾರು, ಯಾರಾದ್ರೂ ಹೇಳ್ತೀರಾ?” ಎಂದರು. ಹನ್ನೊಂದು ಜನ ನನ್ನ ಕಡೆ ನೋಡಿದರು. ಪುಸ್ತಕದಿಂದ ಕಲಿಯುವ ಪಾಠ ಬೇರೆ, ಹನ್ನೊಂದು ಜೊತೆ ಕಣ್ಣಿನಿಂದ ಕಲಿಯುವ ಪಾಠ ಬೇರೆ, ಮಾನ್ಯರೇ.

ಅಲ್ಲಿ ಎರಡೇ ಕಟ್ಟಳೆ. ಒಂದು, ದುಂಡಿನಲ್ಲಿ ಆಡಿದ ಮಾತು ದುಂಡಿನಲ್ಲೇ ಇರಬೇಕು. ಇನ್ನೊಂದು, ಎದುರಿನವರು ಹೇಳಿದ್ದನ್ನು ಮೊದಲು ಅವರಿಗೇ ತಿರುಗಿ ಹೇಳಬೇಕು; ಅವರು ‘ಹೂಂ, ಇದೇ’ ಅಂದ ಮೇಲೆಯೇ ನಿಮ್ಮ ಉತ್ತರ. ಕೇಳಲು ಸುಲಭ. ಮೂರು ಬುಧವಾರ ನನಗೆ ಒಂದೇ ಒಂದು ‘ಹೂಂ’ ಸಿಗಲಿಲ್ಲ. ಬೆನ್ನಿಗೆ ಬೆನ್ನು ಕೊಟ್ಟು ಕುಳಿತು ಒಬ್ಬರು ಹೇಳಿದ ಹಾಗೆ ಇನ್ನೊಬ್ಬರು ಚಿತ್ರ ಬರೆಯುವ ಆಟವಿತ್ತು. ಡ್ವೈಟ್ ಒಂದು ಮನೆಯನ್ನು ವಿವರಿಸಿದ. ನಾನು ಇನ್ನೂ ಒಳ್ಳೆಯ ಮನೆಯನ್ನು ಬರೆದೆ. “ನಾನು ಹೇಳಿದ್ದರಲ್ಲಿ ಚಿಮಣಿ ಎಲ್ಲಿತ್ತಪ್ಪ?” ಎಂದ. “ಇರಬೇಕಿತ್ತು,” ಎಂದೆ.

ನಾಲ್ಕನೇ ಬುಧವಾರ ಪ್ರೆಬಲ್ ಮೇಡಂ ಎರಡು ಕುರ್ಚಿ ಪಕ್ಕಪಕ್ಕ ಇಟ್ಟು ಇದು ಲಾರಿ ಎಂದರು. ಸ್ವಲ್ಪ ದೂರದಲ್ಲಿ ರಟ್ಟಿನ ಪೆಟ್ಟಿಗೆಗಳ ಗೋಪುರ. ಯಾರು ಯಾವ ಲಾರಿಯವರು, ಏನು ನಡೆದಿತ್ತು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಜೋಡಿಗಳು ಸೀಟು ಬದಲಾಯಿಸಿ ಕುರ್ಚಿ ಎಳೆದುಕೊಂಡು ಮುಂದೆ ಹೋಗಬೇಕು. ರೊವೀನಾ ಡ್ರೈವರ್, ನಾನು ರೆಕ್ಕೆ. ಅವಳು ಎರಡು ಹೆಜ್ಜೆ ಎಳೆದು ಗಂಟಲು ಸರಿಮಾಡಿಕೊಂಡಳು. “ಅಕ್ಟೋಬರ್ ತಿಂಗಳು ನೋಡು, ಬೆಳಗಿನ ಮಂಜು. ತಿರುವಲ್ಲಿ ಏನು ನಿಂತಿತ್ತು ಅಂತೀಯ?” ನನ್ನದೇ ದನಿ. ನಾನು ಉಸಿರೆಳೆಯುವ ಜಾಗದಲ್ಲೇ ಉಸಿರೆಳೆದಳು. ಜನ ನಗಲು ಶುರುಮಾಡಿದರು. ನಾನು ‘ತಡಿ’ ಎಂದೆ. “ಕೊಂಬು ಅಂದ್ರೆ ಕೊಂಬು, ಎಣಿಸ್ತಾ ನಿಂತೆ, ಒಂದು, ಎರಡು...” ನಾನು ಇನ್ನೂ ಜೋರಾಗಿ ‘ತಡಿ’ ಎಂದೆ. ಅವಳು ಇಪ್ಪತ್ತೆರಡರವರೆಗೆ ಎಣಿಸಿದಳು. ಗೋಪುರ ಬಿತ್ತು. ಅಷ್ಟರಲ್ಲಿ ಯಾರೂ ನಗುತ್ತಿರಲಿಲ್ಲ, ಏಕೆಂದರೆ ಗ್ಯಾರೇಜಿನವರಿಗೆಲ್ಲ ಅದು ಯಾವ ಗೋಡೆ ಎಂದು ಗೊತ್ತಾಗಿತ್ತು.

ಪ್ರೆಬಲ್ ಮೇಡಂ ಅವಳನ್ನು ಕೇಳಿದರು, “ನಿಮಗೇನಾದ್ರೂ ಹೇಳೋದಿದೆಯಾ?”

“ನಾನು ತಡಿ ಅಂದೆ ಮಾವ. ಎರಡು ಸಲ ಅಂದೆ.”

ತಿರುಗಿ ಹೇಳಬೇಕಾದ ಸರದಿ ನನ್ನದು. “ನೀನು ಹೇಳ್ತಿರೋದು, ಇಂಜಿನ್ ಸದ್ದು ಜಾಸ್ತಿ ಇತ್ತು ಅಂತ,” ಎಂದೆ.

“ಅಲ್ಲ.”

“ಇನ್ನೂ ಜೋರಾಗಿ ಅನ್ನಬೇಕಿತ್ತು ಅಂತ.”

“ಅಲ್ಲ ಮಾವ.”

“ನನಗೆ ವಯಸ್ಸಾಯ್ತು, ಕಿವಿ ಮಂದ ಆಯ್ತು ಅಂತ.”

“ಒಲೆ ಮೇಲೆ ಡೋನಟ್ ಕರಿಯೋ ಸದ್ದು ಅಂಗಳದಲ್ಲಿ ಕೇಳ್ಸುತ್ತೆ ನಿನಗೆ. ಅಲ್ಲ.”

ಆರು ಸಲ ಹೀಗೆ. ಏಳನೇ ಸಲಕ್ಕೆ ನನ್ನ ಹತ್ತಿರ ಬೇರೆ ವಾಕ್ಯ ಉಳಿದಿರಲಿಲ್ಲ. “ನೀನು ತಡಿ ಅಂದೆ. ಎರಡು ಸಲ ಅಂದೆ. ನಾನು ಕಥೆ ಹೇಳ್ತಿದ್ದೆ, ಕೇಳ್ಲಿಲ್ಲ. ಆಮೇಲೆ ತಡವಾಯ್ತು ಅಂತ ನಿನ್ನ ಮೇಲೆ ಬರೆದೆ.”

“ಹೂಂ,” ಎಂದಳು. ಆಮೇಲೆ, “ಕೊನೇದು ನಾನು ಹೇಳಿರ್ಲಿಲ್ಲ,” ಎಂದಳು.

“ಇಲ್ಲ. ಅದು ನನ್ನದು,” ಎಂದೆ.

ಡ್ವೈಟ್ ಎದ್ದು ಎಲ್ಲರಿಗೂ ಕಾಫಿ ತಂದ. ಅವನು ಕಾಫಿ ತಂದದ್ದನ್ನು ಇಲಾಖೆಯಲ್ಲಿ ಯಾರೂ ಅದುವರೆಗೆ ನೋಡಿರಲಿಲ್ಲ.

ಮರುದಿನ ಬೆಳಿಗ್ಗೆಯೇ ನಿಮ್ಮ ಬಳಿ ಬಂದು ವರದಿ ತಪ್ಪು, ತಿದ್ದಿ ಎಂದೆ. ನೀವು ಕೊಟ್ಟ ಉತ್ತರಗಳನ್ನು ತಿರುಗಿ ಹೇಳುತ್ತೇನೆ, ತಪ್ಪಿದ್ದರೆ ಹೇಳಿ. ವರದಿ ತಿದ್ದಲು ಇರುವುದು ಹತ್ತು ದಿನದ ಗಡುವು, ಅದು ಮುಗಿದಿದೆ. ಸರಿಯೇ? ತರಬೇತಿಯಲ್ಲಿ ಆಡಿದ ಮಾತು ಗೋಪ್ಯ, ಆದ್ದರಿಂದ ನಾನು ಒಪ್ಪಿಕೊಂಡದ್ದನ್ನು ನೀವು ಕೇಳಿಸಿಕೊಳ್ಳುವಂತಿಲ್ಲ. ನಾನು ನಿಮ್ಮ ಎದುರೇ ಮತ್ತೆ ಹೇಳಿದಾಗ, ಅದೂ ಮೊದಲು ಅಲ್ಲಿ ಆಡಿದ ಮಾತೇ ಆದ್ದರಿಂದ ಗೋಪ್ಯವೇ ಎಂದಿರಿ. ಬಾಯಿಬಿಟ್ಟವನ ಸತ್ಯವನ್ನು ಅವನಿಂದಲೇ ಕಾಪಾಡುವ ಇಂಥ ನಿಯಮ ಬೇರೆಲ್ಲಾದರೂ ಉಂಟೇ? ಕೊನೆಗೆ, ನಿವೃತ್ತನಾಗುವವನ ಕಡತ ಕೆಡಿಸಿ ಏನು ಪ್ರಯೋಜನ, ಬೀಳ್ಕೊಡುಗೆಯ ಊಟಕ್ಕೆ ಫಲಕ ಬೇರೆ ಸಿದ್ಧವಾಗುತ್ತಿದೆ ಎಂದು ಸಮಾಧಾನ ಮಾಡಿದಿರಿ. ಫಲಕದ ಮೇಲೆ ಏನಿರುತ್ತದೆ ಎಂದೂ ಓದಿ ಹೇಳಿದಿರಿ: ‘ಮೂವತ್ತನಾಲ್ಕು ಚಳಿಗಾಲ, ಒಂದೂ ಕಪ್ಪುಚುಕ್ಕೆಯಿಲ್ಲ.’ ಸುಳ್ಳು ಹೇಳುವುದಿಲ್ಲ, ಒಂದು ಕ್ಷಣ ಆ ಸಾಲು ನನಗೆ ಬಹಳ ಹಿಡಿಸಿತು. ಮನೆಯಲ್ಲಿ ಅದಕ್ಕೆ ಜಾಗವನ್ನೂ ನೋಡಿಟ್ಟಿದ್ದೆ.

ಐದನೇ ಬುಧವಾರ ನಡೆಯಲೇ ಇಲ್ಲ. ‘ಫಲಿತಾಂಶ ಅಳೆಯಲು ಬರುವುದಿಲ್ಲ’ ಎಂಬ ಕಾರಣಕ್ಕೆ ದುಂಡು ಕುರ್ಚಿಗಳನ್ನು ರದ್ದು ಮಾಡಿ, ನಲವತ್ತು ನಿಮಿಷದ ಕಂಪ್ಯೂಟರ್ ಪಾಠ ತಂದಿರಿ. ಒಬ್ಬೊಬ್ಬರೇ ಒಂದೊಂದು ಪರದೆಯ ಮುಂದೆ ಕುಳಿತು, ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಪರಸ್ಪರ ಮಾತುಕತೆ ಕಲಿತೆವು. ನನಗೆ ಇಪ್ಪತ್ತರಲ್ಲಿ ಹತ್ತೊಂಬತ್ತು. ತಪ್ಪಿದ ಪ್ರಶ್ನೆ ಇದು: ಸಹೋದ್ಯೋಗಿ ಏನಾದರೂ ಹೇಳಿದಾಗ ನೀವು ಮೊದಲು ಮಾಡಬೇಕಾದ್ದೇನು? ಅವರು ಹೇಳಿದ್ದನ್ನು ತಿರುಗಿ ಹೇಳುವುದು ಎಂದು ಒತ್ತಿದೆ. ತಪ್ಪು, ಅವರ ಕಣ್ಣನ್ನೇ ನೋಡುತ್ತಾ ತಲೆಯಾಡಿಸುವುದು ಸರಿಯುತ್ತರವಂತೆ. ಹಿಮದ ರಸ್ತೆಯಲ್ಲಿ ಹದಿನೆಂಟು ಟನ್ನಿನ ಲಾರಿ ಓಡಿಸುವವನು ಪಕ್ಕದವಳ ಕಣ್ಣನ್ನೇ ನೋಡುತ್ತಾ ತಲೆಯಾಡಿಸಿದರೆ ಲಾರಿ ಎಲ್ಲಿಗೆ ಹೋಗುತ್ತದೆ ಎಂಬುದು ಇಪ್ಪತ್ತೊಂದನೇ ಪ್ರಶ್ನೆಯಾಗಬೇಕಿತ್ತು. ಆದರೆ ನಿಮ್ಮ ಬಗ್ಗೆ ನನಗಿದ್ದ ಒಂದು ಸಂಶಯ ಅಲ್ಲಿ ಪರಿಹಾರವಾಯಿತು. ನೀವು ಮೂರು ಸಲ ತಲೆಯಾಡಿಸಿದ್ದು ನಿರ್ಲಕ್ಷ್ಯದಿಂದಲ್ಲ, ಪಾಠದ ಪ್ರಕಾರ.

ಅಳತೆ ಬೇಕೆಂದಿರಲ್ಲ, ತೆಗೆದುಕೊಳ್ಳಿ. ಈಗ ರಸ್ತೆ ದುರಸ್ತಿಗೆ ಓಡಾಡುವಾಗ ರೊವೀನಾ ಬಾಯಿ ತೆರೆದರೆ ನನ್ನ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ. ಮೊನ್ನೆ ಅವಳು ಬರೀ ಆಕಳಿಸಿದ್ದಳು, ಲಾರಿ ನಿಂತಿತು. ನಾಲ್ಕು ವರ್ಷದಲ್ಲಿ ಅವಳು ಏನೇನು ಹೇಳಿದ್ದಳೋ, ಈಗ ಕೇಳಿಸಿಕೊಳ್ಳುತ್ತಿದ್ದೇನೆ. ಕೈಗವಸಿನ ಮಗುವನ್ನು ಅವಳು ಫೆಬ್ರವರಿಯಲ್ಲೇ ಹುಡುಕಿ ಕೈಗವಸನ್ನು ಮರಳಿಸಿದ್ದಳಂತೆ. ನನಗೂ ಹೇಳಿದ್ದಳಂತೆ.

ದುಂಡಿನಲ್ಲಿ ಆಡಿದ ಮಾತು ದುಂಡು ದಾಟುವಂತಿಲ್ಲ ಎಂದಿರಿ. ಅಲ್ಲಿ ಆಡಿದ್ದರಲ್ಲಿ ನನ್ನದಲ್ಲದ ಮಾತು ಯಾವುದಿತ್ತೋ, ಅದನ್ನು ಆಡಿದವರ ಒಪ್ಪಿಗೆ ಪಡೆದು ಬರೆದಿದ್ದೇನೆ. ರೊವೀನಾ ಈ ಪತ್ರ ಓದಿ, “ಇದು ಬಂದ್ರೆ ಊಟದ ಶನಿವಾರ ಜನ ಆಡ್ಕೋತಾರೆ ಮಾವ. ಯೋಚ್ನೆ ಮಾಡು,” ಎಂದಳು. ಅವಳ ಮಾತನ್ನು ಒಂದೇ ಸಲಕ್ಕೆ ಸರಿಯಾಗಿ ತಿರುಗಿ ಹೇಳಿದೆ. ಆಮೇಲೆ ಅಂಚೆಗೆ ಹಾಕಿದೆ.

ಈಗ ನನ್ನ ಬೇಡಿಕೆ. ಎಚ್ಚರಿಕೆ ಪತ್ರವನ್ನು ನವೆಂಬರ್ ಮೂರರೊಳಗೆ ನನ್ನ ಕಡತಕ್ಕೆ ಸೇರಿಸಿ. ವರದಿಯ ಹಾಳೆಯಲ್ಲಿ ರೆಕ್ಕೆಯವರಿಗೂ ಅರ್ಧ ಪುಟ ಕೊಡಿ. ಉಳಿದ ಎರಡು ಬುಧವಾರಗಳನ್ನು ನಡೆಸಿ. ಹದಿಮೂರನೇ ಕುರ್ಚಿಯನ್ನು ನಾನೇ ಹೊತ್ತು ತರುತ್ತೇನೆ, ನೀವು ಬಂದು ಕುಳಿತರೆ ಸಾಕು. ಅದು ಆಗದಿದ್ದರೆ, ನಾನು ಇಲ್ಲಿ ಹೇಳಿದ್ದೇನೆಂದು ಒಂದು ಹಾಳೆಯಲ್ಲಿ ತಿರುಗಿ ಬರೆದು ರೊವೀನಾಗೆ ಕಳಿಸಿ. ಸರಿಯಿದ್ದರೆ ಅವಳು ಹೂಂ ಅನ್ನುತ್ತಾಳೆ. ಏಳು ಸಲದವರೆಗೆ ಅವಕಾಶವಿದೆ, ನನಗೂ ಅಷ್ಟೇ ಬೇಕಾಯಿತು. ಮೂಸ್ ಒಂದೇ ಸಲಕ್ಕೆ ಕೇಳಿಸಿಕೊಂಡಿತ್ತು, ಆದರೆ ಎಲ್ಲರಿಂದಲೂ ಅಷ್ಟು ನಿರೀಕ್ಷಿಸುವುದು ತಪ್ಪು.

ಫಲಕ ಕೆತ್ತುವವನಿಗೂ ದಯವಿಟ್ಟು ಇವತ್ತೇ ಫೋನ್ ಮಾಡಿ. ಮೂವತ್ತಮೂರು ಎಂದು ಕೆತ್ತಲಿ.

ಇಂತಿ,
ಹದಿನೆಂಟು ಕವಲಿನ ಲೆಕ್ಕಕ್ಕೆ ಮರಳಿ ಬಂದಿರುವ,
ಕೇಳಿಸಿಕೊಳ್ಳುವುದರಲ್ಲಿ ನಿಮ್ಮಿಂದಲೇ ನೂರಕ್ಕೆ ತೊಂಬತ್ತೈದು ಪಡೆದ,
ಮೂರನೇ ನಂಬರ್ ಲಾರಿಯ ಡ್ರೈವರ್
ಎಲ್ಬ್ರಿಜ್ ಹ್ಯಾಸ್ಕಲ್