ಅಮ್ಮನ ಎಡಗೈ, ನಿನ್ನ ಒನಕೆ

ಒಚೆರೆ,

ಆಸ್ಪತ್ರೆಯಿಂದ ಅಮ್ಮನನ್ನು ಕರೆತರಲು ಹೊರಟೆ. ನಾವು ಅಂದುಕೊಂಡಂತೆ ಅಕ್ರಾದ ಅಣ್ಣನ ಮನೆಗಲ್ಲ, ಇಲ್ಲಿಗೇ. ಮುಖ ಊದಿಸಿಕೊಳ್ಳದೆ ಓದು.

ನಿನ್ನೆ ಥೆರಪಿಯವರು, “ಮನೇಗ್ ಹೋಗಿ ಏನ್ ಮಾಡ್ತೀರಮ್ಮಾ?” ಎಂದು ಕೇಳಿದ್ದಕ್ಕೆ ಅವಳು ಆಸ್ಪತ್ರೆಯ ಅಂಗಳದಲ್ಲಿದ್ದ, ಮರಗೆಣಸಿನ ಫುಫು ಮುದ್ದೆ ಕುಟ್ಟುವ ಒರಳನ್ನು ತೋರಿಸಿದಳು. ಪಕ್ಕದಲ್ಲಿ ಕೂರಿಸಿದೆವು. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಎಡಗೈಯಲ್ಲಿ ಲೋಟ ಕೊಟ್ಟರೂ ನಮಗೆ ಬಾರಿಸುತ್ತಿದ್ದವಳು, ಆ ಎಡಗೈಯನ್ನೇ ನೀರಿಗದ್ದಿ ಒರಳಿನೊಳಗಿಟ್ಟಳು! ಒನಕೆ ಎತ್ತಿದ ನಾನು ಇಳಿಸಲಾರದೆ ನಿಂತೆ.

“ಕುಟ್ಟೇ, ಹೆದರುಪುಕ್ಲಿ!”

ಸ್ಟ್ರೋಕ್ ಆದ ಮೇಲೆ ಅವಳಾಡಿದ ಮೊದಲ ಮಾತು ಕಣೋ. ಕುಟ್ಟಿದೆ. ಒನಕೆ ಮೇಲೆದ್ದಾಗ ಒಳಗೆ ಹೋಗಿ ಮುದ್ದೆ ಮಗುಚುವ ಕೈ, ಅದು ಇಳಿಯುವಷ್ಟರಲ್ಲಿ ಹೊರಗಿರುತ್ತಿತ್ತು.

ಅವಳ ಮಂಚವನ್ನು ಕೆಳಗಿನ ಕೋಣೆಗೆ ಇಳಿಸು. ಬಚ್ಚಲಿನ ಪಾಚಿ ಉಜ್ಜು, ನೀನೇ ಉಜ್ಜು, ಪಕ್ಕದ್ಮನೆಯವರಿಗೆ ಹೇಳಬೇಡ. ಮರಗೆಣಸು ಬೇಯಿಸಿ, ಒರಳಿನ ಬಳಿ ಅವಳ ಮಣೆ ಇಡು.

ಇವತ್ತು ಒನಕೆ ನಿನ್ನದು. ಕನಿಕರಪಟ್ಟು ನಿಧಾನ ಮಾಡಬೇಡ. ತಾಳ ತಪ್ಪಿದರೆ ಏಟು ಬೀಳುವುದು ಆ ಕೈಮೇಲೆ.

ಅಕ್ಕ